ಕಲ್ಲಿನಲ್ಲಿ ಅರ್ಧ ಉಳಿದ ಹೆಸರು

ಭಾನುವಾರ ಬೆಳಗಿನ ಆರೂವರೆ. ಬೊರಿವಲಿ ಸ್ಟೇಷನ್ನಿನ ಈಸ್ಟ್ ಬದಿಗೆ ಲೋಕಲ್‌ನಿಂದ ಇಳಿದು ಬರುವವರು ಎಲ್ಲಿಗೆ ಹೊರಟಿದ್ದಾರೆಂದು ಕೈಯಲ್ಲಿರುವ ಸಾಮಾನೇ ಹೇಳಿಬಿಡುತ್ತದೆ. ಚಾಪೆ, ಡಬ್ಬಿ, ಬ್ಯಾಡ್ಮಿಂಟನ್ ಬ್ಯಾಟು ಹೊತ್ತವರದು ಸಂಸಾರ ಸಮೇತ ಪಿಕ್‌ನಿಕ್. ಉದ್ದ ಲೆನ್ಸಿನ ಕ್ಯಾಮೆರಾ ಕೊರಳಿಗೆ ಹಾಕಿಕೊಂಡವರಿಗೆ ಹಕ್ಕಿಯ ಹುಚ್ಚು. ಬರಿಗೈಯಲ್ಲಿ ಬಿಳಿ ಬೂಟು ತೊಟ್ಟು ಬಿರಬಿರನೆ ನಡೆಯುವ ಹಿರಿಯರದು ಡಾಕ್ಟರು ಹೇಳಿದ ವ್ಯಾಯಾಮ. ಇವರೆಲ್ಲರ ನಡುವೆ ನಾಲ್ಕೈದು ಹುಡುಗಿಯರ ಗುಂಪೊಂದು ಚಹಾದ ಟಪರಿಯ ಮುಂದೆ ನಿಂತಿದೆ. ಬೆನ್ನಿನ ಚೀಲಕ್ಕೆ ಸಿಕ್ಕಿಸಿದ ಕ್ಯಾರಬೈನರ್ ಕೊಂಡಿಗಳು ಅಲುಗಿದಾಗಲೆಲ್ಲ ಕಿಣಿಕಿಣಿ ಎನ್ನುತ್ತವೆ. ಒಬ್ಬಳ ಹೆಗಲಲ್ಲಿ ಸುರುಳಿ ಸುತ್ತಿದ ಹಗ್ಗ, ಇನ್ನೊಬ್ಬಳ ಬೆನ್ನ ಮೇಲೆ ಮಡಚಿದ ಹಾಸಿಗೆಯಷ್ಟು ದಪ್ಪದ ಕ್ರ್ಯಾಶ್ ಪ್ಯಾಡ್. ಕಟಿಂಗ್ ಚಹಾದ ಗ್ಲಾಸು ಹಿಡಿದ ಬೆರಳುಗಳ ತುದಿಯಲ್ಲಿ ಬಿಳಿ ಟೇಪು. ಅವರಲ್ಲೊಬ್ಬಳ ಜೊತೆಗೆ ಅವಳ ಅಜ್ಜಿಯೂ ಬಂದಿದ್ದಾರೆ. ಕಾಟನ್ ಸೀರೆ, ಕಾಲಿಗೆ ಕ್ಯಾನ್‌ವಾಸ್ ಬೂಟು, ಕೈಯಲ್ಲಿ ಉಡುಪಿ ಹೋಟೆಲಿನಿಂದ ಕಟ್ಟಿಸಿಕೊಂಡ ಇಡ್ಲಿಯ ಪೊಟ್ಟಣ.

"ಇಷ್ಟು ದೂರ ಬಂದು ಕಲ್ಲು ಹತ್ತಲಿಕ್ಕೆ ನಿಮಗೆ ಎಂತ ಮರುಳು ಮಾರಾಯ್ತಿ? ಕಾರ್ಕಳಕ್ಕೆ ಬಂದಿದ್ದರೆ ಊರಿಡೀ ಕಲ್ಲೇ ಇತ್ತಲ್ಲ" ಎನ್ನುತ್ತಾರೆ ಅಜ್ಜಿ. ಮೊಮ್ಮಗಳು ನಗುತ್ತಾಳೆ. ರಿಕ್ಷಾದವ "ಪಾರ್ಕ್?" ಎಂದು ಕೇಳುವ ಮೊದಲೇ ಗುಂಪು ಹೈವೇ ದಾಟಿ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟಿನ ಮುಂದಿನ ಸಾಲು ಸೇರಿಕೊಂಡಿದೆ.

ಗೇಟಿನಿಂದ ಒಳಗೆ ಹೋದ ಸ್ವಲ್ಪ ಹೊತ್ತಿಗೆ ಹೈವೇಯ ಹಾರ್ನು ಹಿಂದುಳಿಯುತ್ತದೆ. ದಹಿಸರ್ ನದಿ ಇಲ್ಲಿ ಇನ್ನೂ ನದಿಯೇ. ಕಲ್ಲುಗಳ ನಡುವೆ ಹರಿಯುವ ತಿಳಿನೀರು. ಸುಮಾರು ನೂರಮೂರು ಚದರ ಕಿಲೋಮೀಟರಿನ ಈ ಕಾಡಿನೊಳಗೆ ಮುಂಬೈಗೆ ನೀರು ಕೊಡುವ ತುಳಸಿ, ವಿಹಾರ್ ಕೆರೆಗಳಿವೆ, ವಾರ್ಲಿ ಆದಿವಾಸಿಗಳ ಪಾಡಾ ಎಂಬ ಹಾಡಿಗಳಿವೆ, ಸುತ್ತ ಎದ್ದಿರುವ ಮೂವತ್ತು ಮಹಡಿಯ ಕಟ್ಟಡಗಳ ಬುಡದವರೆಗೆ ಬಂದು ಹೋಗುವ ಚಿರತೆಗಳಿವೆ. ಎಂಟು ವರ್ಷಕ್ಕೊಮ್ಮೆ ಹೂ ಬಿಡುವ ಕಾರ್ವಿ 2016ರಲ್ಲಿ ಒಮ್ಮೆ, 2024ರಲ್ಲಿ ಮತ್ತೊಮ್ಮೆ ಈ ಗುಡ್ಡಗಳಿಗೆ ನೇರಳೆ ಬಣ್ಣ ಬಳಿದು ಹೋಗಿದೆ. ತೇಗದ ಮರಗಳ ನಡುವೆ ರಸ್ತೆ ಏರುತ್ತ ಏರುತ್ತ ಆರೇಳು ಕಿಲೋಮೀಟರು ಸಾಗಿದ ಮೇಲೆ ಎದುರಿಗೆ ಕಪ್ಪು ಬೆನ್ನೊಂದು ಕಾಣುತ್ತದೆ. ಅದೇ ಕಾನ್ಹೇರಿಯ ಗುಡ್ಡ.

ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಉಕ್ಕಿದ ಲಾವಾ ಪದರಪದರವಾಗಿ ಹರಡಿ ದಖ್ಖನಿನ ಕಲ್ಲಾಯಿತು. ಸಹ್ಯಾದ್ರಿಯ ಕೋಟೆಗಳೂ ಇಲ್ಲಿನ ಗುಹೆಗಳೂ ಅದೇ ಬಸಾಲ್ಟಿನವು. ಕರ್ನಾಟಕದ ಕಲ್ಲಿನಲ್ಲಿ ಆಡಿದ ಕೈಗೆ ಇದು ಬೇರೆಯೇ ಪಾಠ. ಬಾದಾಮಿಯ ಮರಳುಗಲ್ಲು ಕೆಂಪಾಗಿ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಹಂಪಿ, ರಾಮನಗರಗಳ ಗ್ರಾನೈಟು ದುಂಡಗೆ ಉಬ್ಬಿ ಕೈಗೆ ಹಿಡಿತವನ್ನೇ ಕೊಡುವುದಿಲ್ಲ. ಬಸಾಲ್ಟ್ ಸಣ್ಣಸಣ್ಣ ಅಂಚುಗಳನ್ನು ಕೊಡುತ್ತದೆ, ಅವು ಬೆರಳಿನ ಒಂದು ಗೆಣ್ಣಿಗಷ್ಟೇ ಸಾಲುತ್ತವೆ. ಮಳೆಗಾಲದಲ್ಲಿ ಪಾಚಿ ಕಟ್ಟಿ ಜಾರುತ್ತದೆ, ಬೇಸಿಗೆಯಲ್ಲಿ ಹತ್ತು ಗಂಟೆಯ ಮೇಲೆ ಕೈಯಿಡಲಾಗದಷ್ಟು ಕಾಯುತ್ತದೆ. ಹತ್ತುವವರಿಗೆ ಸಿಗುವುದು ಚಳಿಗಾಲದ ಬೆಳಗುಗಳು ಮಾತ್ರ.

ಗುಹೆಗಳ ಬಾಗಿಲಲ್ಲಿ ವಾರ್ಲಿ ಹೆಂಗಸರು ಸೌತೆಕಾಯಿ, ಪೇರಲ, ಹುಣಸೆ, ಬೋರೆಹಣ್ಣು ಹರಡಿ ಕೂತಿದ್ದಾರೆ. ಮಂಗಗಳ ಕಣ್ಣು ಬುಟ್ಟಿಯ ಮೇಲೆ, ಹೆಂಗಸರ ಕಣ್ಣು ಮಂಗಗಳ ಮೇಲೆ. ಕ್ರಿಸ್ತಪೂರ್ವ ಒಂದನೇ ಶತಮಾನದ ಸುಮಾರಿಗೆ ಶುರುವಾಗಿ ಸಾವಿರ ವರ್ಷ ಕೊರೆಯುತ್ತಲೇ ಹೋದ ನೂರಕ್ಕೂ ಹೆಚ್ಚು ಬೌದ್ಧ ಗುಹೆಗಳು ಇಲ್ಲಿವೆ. ಒಂದರಿಂದ ಇನ್ನೊಂದಕ್ಕೆ ಹೋಗಲು ಬಂಡೆಯಲ್ಲೇ ಕಡಿದ ಮೆಟ್ಟಿಲುಗಳು. ಕೆಲವು ಕಡೆ ಪಾದ ಅಡ್ಡಲಾಗಿ ಇಟ್ಟರೆ ಮಾತ್ರ ಹಿಡಿಸುವಷ್ಟು ಕಿರಿದು. ಭಿಕ್ಷುಗಳು, ವ್ಯಾಪಾರಿಗಳು, ಕಲ್ಲುಕುಟಿಗರು ತುಳಿದ ಮೆಟ್ಟಿಲುಗಳ ಮೇಲೆ ಅಜ್ಜಿ ಯಾರ ಕೈಯನ್ನೂ ಹಿಡಿಯದೆ ಏರುತ್ತಾರೆ.

ಮೂರನೆಯ ಗುಹೆಯ ಮುಂದೆ ಎಲ್ಲರೂ ನಿಲ್ಲಲೇಬೇಕು. ಸಾತವಾಹನ ಯಜ್ಞಶ್ರೀ ಶಾತಕರ್ಣಿಯ ಕಾಲದ ಈ ಚೈತ್ಯದ ಮುಂಗೋಡೆಯಲ್ಲಿ ದಂಪತಿಗಳು ನಿಂತಿದ್ದಾರೆ. ಆಳೆತ್ತರದ ಉಬ್ಬುಶಿಲ್ಪ. ಗಂಡಸರ ತಲೆಗೆ ದೊಡ್ಡ ರುಮಾಲು, ಹೆಂಗಸರ ಕಿವಿಗೆ ಭಾರದ ಓಲೆ, ಕಾಲಿಗೆ ಕಡಗ. ಒಬ್ಬರು ಇನ್ನೊಬ್ಬರ ಹಿಂದೆ ಅಡಗಿಲ್ಲ. ಎತ್ತರ ಸರಿಸಮ, ನಿಲುವು ಸರಿಸಮ. ಅವರ ಮುಖದಲ್ಲಿ ಕಲ್ಲು ಕೊರೆಸಿದವರ ಠೀವಿ ಇದೆ.

ಅಲ್ಲಿಂದ ಮುಂದೆ, ಐದನೆಯ ಗುಹೆಯ ಬಳಿಯ ನೀರಿನ ತೊಟ್ಟಿಯ ಮೇಲೆ ಒಂದು ಶಾಸನವಿದೆ. ಎರಡನೇ ಶತಮಾನದ್ದು, ಬ್ರಾಹ್ಮಿ ಲಿಪಿ, ಸಂಸ್ಕೃತ ಭಾಷೆ. ತೊಟ್ಟಿ ಕೊಡಿಸಿದವನು ಶತೇರಕನೆಂಬ ಅಮಾತ್ಯ. ಅದರಲ್ಲಿ ಒಬ್ಬ ರಾಣಿಯ ಮಾತು ಬರುತ್ತದೆ. ಆಕೆ ಸಾತವಾಹನ ವಾಸಿಷ್ಠೀಪುತ್ರ ಶಾತಕರ್ಣಿಯ ಮಡದಿ, ಕ್ಷತ್ರಪರ ಕಾರ್ದಮಕ ವಂಶದವಳು, ಮಹಾಕ್ಷತ್ರಪನ ಮಗಳು. ತಂದೆಯ ಹೆಸರಿನ ಮೊದಲ ಅಕ್ಷರ ಉಳಿದಿರುವುದರಿಂದ ಅವನು ರುದ್ರದಾಮನೇ ಇರಬೇಕೆಂದು ವಿದ್ವಾಂಸರು ಓದಿದ್ದಾರೆ. ಗಂಡನ ಹೆಸರಿದೆ, ವಂಶದ ಹೆಸರಿದೆ, ಮಂತ್ರಿಯ ಹೆಸರಿದೆ. ಕಲ್ಲು ಒಡೆದು ಅಕ್ಷರಗಳು ಹೋದ ಆ ಬರಹದಲ್ಲಿ ರಾಣಿಯ ಹೆಸರು ಮಾತ್ರ ಸಿಗುವುದಿಲ್ಲ. ಸಾತವಾಹನರನ್ನೂ ಕ್ಷತ್ರಪರನ್ನೂ ಬೆಸೆದ ಆ ಮದುವೆಯನ್ನು ಇತಿಹಾಸದ ಪುಸ್ತಕಗಳೆಲ್ಲ ಹೇಳುತ್ತವೆ, ಮದುಮಗಳನ್ನು ಇಂಥವನ ಮಗಳು ಎಂದಷ್ಟೇ ಕರೆಯುತ್ತವೆ.

ಇದೇ ಗುಡ್ಡದಲ್ಲಿ ಒಂಬತ್ತನೇ ಶತಮಾನದ ಶಾಸನಗಳೂ ಇವೆ. ಅವುಗಳಲ್ಲಿ ಶಿಲಾಹಾರ ಸಾಮಂತರು ತಮ್ಮ ಒಡೆಯ ರಾಷ್ಟ್ರಕೂಟ ಅಮೋಘವರ್ಷನನ್ನು ನೆನೆದಿದ್ದಾರೆ. ನಮ್ಮ ನೃಪತುಂಗ ಬೊರಿವಲಿಯ ಕಲ್ಲಿನಲ್ಲೂ ಇದ್ದಾನೆ ಎಂದು ಗೊತ್ತಾದಾಗ ಕನ್ನಡಿಗರಿಗೆ ಖುಷಿಯಾಗುತ್ತದೆ. ರಾಜನ ಹೆಸರು ಎಷ್ಟು ದೂರ ನಡೆದು ಬರುತ್ತದೆ! ಆದರೆ ಗುಹೆಗೂ ತೊಟ್ಟಿಗೂ ಇಲ್ಲಿ ಹಣ ಕೊಟ್ಟವರಲ್ಲಿ ಭಿಕ್ಷುಣಿಯರಿದ್ದಾರೆ, ಗೃಹಿಣಿಯರಿದ್ದಾರೆ. ಈ ಕಡಿದಾದ ಗುಡ್ಡವನ್ನು ಹೆಂಗಸರು ಎರಡು ಸಾವಿರ ವರ್ಷಗಳಿಂದ ಹತ್ತುತ್ತಲೇ ಇದ್ದಾರೆ. ಹತ್ತಿದ್ದಕ್ಕೆ ಕೊರತೆ ಎಂದೂ ಇರಲಿಲ್ಲ, ಬರೆದಿಟ್ಟದ್ದಕ್ಕೆ ಇತ್ತು.

ಗುಹೆಗಳು ಪುರಾತತ್ವ ಇಲಾಖೆಯ ಕಾವಲಿನಲ್ಲಿವೆ, ಅವುಗಳ ಗೋಡೆಗೆ ಯಾರೂ ಹಗ್ಗ ಹಾಕುವಂತಿಲ್ಲ. ಹತ್ತುವವರ ಬಂಡೆಗಳು ಬೇರೆ. 1954ರಲ್ಲಿ ಹುಟ್ಟಿದ ಗಿರಿವಿಹಾರದಂಥ ಮುಂಬೈನ ಹಳೆಯ ಕ್ಲಬ್ಬುಗಳವರು ಕಾನ್ಹೇರಿ, ಮುಂಬ್ರಾ, ಮನೋರಿಗಳ ಕಲ್ಲಿನಲ್ಲಿ ಕೈ ಪಳಗಿಸಿಕೊಂಡೇ ಹಿಮಾಲಯಕ್ಕೆ ಹೋದದ್ದು. ವಾರವಿಡೀ ಆಫೀಸು, ಭಾನುವಾರ ಬಂಡೆ. ಲೋಕಲ್ ಟ್ರೇನಿನ ಊರಿನಲ್ಲಿ ಪರ್ವತಾರೋಹಣ ಬೆಳೆದ ಬಗೆ ಇದು.

ಹುಡುಗಿಯರು ಸಾಮಾನು ಬಿಚ್ಚುತ್ತಾರೆ. ಮೇಲಿನ ಆಂಕರಿನಿಂದ ಹಗ್ಗ ಇಳಿಯುತ್ತದೆ. ಹಾರ್ನೆಸ್ ಬಿಗಿಯುತ್ತದೆ, ಎಂಟರ ಆಕಾರದ ಗಂಟನ್ನು ಒಬ್ಬಳು ಹಾಕಿದರೆ ಇನ್ನೊಬ್ಬಳು ಮುಟ್ಟಿ ಪರೀಕ್ಷಿಸುತ್ತಾಳೆ. ಬೆರಳು ಮಡಚಿ ತುರುಕಿದರೆ ಮಾತ್ರ ಹೋಗುವ ಬಿಗಿ ಬೂಟು. ಚಾಕ್ ಪುಡಿಯ ಬಿಳಿ ಮೋಡ ಒಂದು ಕ್ಷಣ ಎದ್ದು ಅಡಗುತ್ತದೆ.

"ಕ್ಲೈಂಬಿಂಗ್!"

"ಕ್ಲೈಂಬ್ ಆನ್!"

ಮೊದಲ ಸಲ ಬಂದವಳು ಬಂಡೆಯನ್ನು ತಬ್ಬಿಕೊಳ್ಳುತ್ತಾಳೆ, ಹೆದರಿದ ಮೈಗೆ ಗೊತ್ತಿರುವುದು ಅದೊಂದೇ. ತಬ್ಬಿದೊಡನೆ ಪಾದ ಜಾರುತ್ತದೆ. "ಹೊಟ್ಟೆ ಹಿಂದೆ ತಗೋ, ಹಿಮ್ಮಡಿ ಇಳಿಸು, ಭಾರ ಕಾಲ ಮೇಲೆ ಹಾಕು" ಎಂದು ಕೆಳಗಿನಿಂದ ಮರಾಠಿ, ಹಿಂದಿ, ಕನ್ನಡ ಕಲಸಿದ ಕೂಗು. ಇಳಿಜಾರು ಬಂಡೆಯಲ್ಲಿ ಮೈಯನ್ನು ಕಲ್ಲಿನಿಂದ ದೂರ ಹಿಡಿದಷ್ಟೂ ಅಂಗಾಲು ಕಲ್ಲನ್ನು ಗಟ್ಟಿಯಾಗಿ ಒತ್ತುತ್ತದೆ. ಕೈ ಸಮತೋಲಕ್ಕೆ ಮಾತ್ರ. ತೋಳಿನ ಬಲ ನೆಚ್ಚಿಕೊಂಡ ಹುಡುಗರು ಅರ್ಧಕ್ಕೇ ಏದುಸಿರು ಬಿಟ್ಟು ನಿಲ್ಲುವ ಕಡೆ ಕಾಲನ್ನು ನಂಬಿದ ಹುಡುಗಿಯರು ನಿಧಾನವಾಗಿ ದಾಟಿಬಿಡುವುದುಂಟು. ಅಜ್ಜಿ ಇಡ್ಲಿಯ ಪೊಟ್ಟಣ ಬಿಚ್ಚುತ್ತ ನೋಡುತ್ತಾರೆ. "ನಮ್ಮಲ್ಲಿ ಅಡಿಕೆ ಮರ ಹತ್ತುವವರು ಹೀಗೇ, ಕೈಯಲ್ಲಿ ಹಿಡಿಯುವುದು ನೆಪಕ್ಕೆ, ಹತ್ತುವುದು ಕಾಲಲ್ಲಿ" ಎನ್ನುತ್ತಾರೆ.

ಹೆಂಗಸರೂ ಹತ್ತಬಲ್ಲರೆಂಬ ಈ ಸರಳ ಸಂಗತಿಯನ್ನು ಯುರೋಪಿನ ಪರ್ವತ ಕ್ಲಬ್ಬುಗಳು ಒಪ್ಪಲು ಬಹಳ ಕಾಲ ಹಿಡಿಯಿತು. 1808ರಲ್ಲಿ ಮಾಂಟ್ ಬ್ಲಾಂಕ್ ಶಿಖರ ಮುಟ್ಟಿದ ಮೊದಲ ಹೆಂಗಸು ಮರೀ ಪಾರಡಿ ಶಮೋನಿಯ ಬಡ ಕೆಲಸದಾಕೆ. ಮೂವತ್ತು ವರ್ಷಗಳ ನಂತರ, 1838ರಲ್ಲಿ, ಆಂರಿಯೆಟ್ ದಾಂಜವಿಲ್ ತನ್ನ ಖರ್ಚಿನಲ್ಲಿ ಮಾರ್ಗದರ್ಶಿಗಳನ್ನು ಕಟ್ಟಿಕೊಂಡು ಅದೇ ಶಿಖರ ಏರಿದಳು. 1871ರಲ್ಲಿ ಲೂಸಿ ವಾಕರ್ ಮ್ಯಾಟರ್‌ಹಾರ್ನ್ ಹತ್ತಿದಳು. ಅವಳ ಕಾಲದ ಇನ್ನೊಬ್ಬಳು ಮೆಟಾ ಬ್ರೆವೂರ್ಟ್ ಆಲ್ಪ್ಸ್‌ನಲ್ಲಿ ಒಂದಾದ ಮೇಲೊಂದು ಶಿಖರ ಏರಿದವಳು. ಬೀಚ್‌ಹಾರ್ನ್ ಹತ್ತಿದ ಅನುಭವವನ್ನು ಬರೆದಳು. ಅದು ಆಲ್ಪೈನ್ ಜರ್ನಲ್‌ನಲ್ಲಿ ಅಚ್ಚಾದದ್ದು ಮಗನಂತೆ ಜೊತೆಗೆ ಬೆಳೆಸಿಕೊಂಡಿದ್ದ ಸೋದರಿಯ ಮಗ ಕೂಲಿಜ್‌ನ ಹೆಸರಿನಲ್ಲಿ. 1857ರಲ್ಲಿ ಹುಟ್ಟಿದ ಲಂಡನ್ನಿನ ಆಲ್ಪೈನ್ ಕ್ಲಬ್ಬಿನ ಬಾಗಿಲು ಹೆಂಗಸರಿಗೆ ತೆರೆದದ್ದು 1970ರ ದಶಕದಲ್ಲಿ. ಕಾನ್ಹೇರಿಯ ತೊಟ್ಟಿಯಲ್ಲಿ ಹೆಸರನ್ನು ಕಾಲ ಅಳಿಸಿದ್ದರೆ, ಅಲ್ಲಿ ಮರ್ಯಾದೆ ಅಳಿಸಿತ್ತು.

ಸುಮ್ಮನಿರದವರೂ ಇದ್ದರು. ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಗಂಡನೊಡನೆ ಸೈಕಲ್ಲಿನಲ್ಲಿ ಭಾರತವನ್ನೆಲ್ಲ ಸುತ್ತಿ, ಆಮೇಲೆ ಹಿಮಾಲಯಕ್ಕೆ ತಿರುಗಿದಾಕೆ. 1912ರಲ್ಲಿ ಸಿಯಾಚಿನ್ ಹಿಮನದಿಯ ಎತ್ತರದಲ್ಲಿ, ಹೆಂಗಸರಿಗೆ ಮತದಾನದ ಹಕ್ಕು ಬೇಕೆಂಬ ಪತ್ರಿಕೆಯನ್ನು ಬಿಡಿಸಿ ಹಿಡಿದು ಫೋಟೋ ತೆಗೆಸಿಕೊಂಡಳು. 1929ರಲ್ಲಿ ಮಿರಿಯಂ ಓಬ್ರಿಯನ್ ಮತ್ತು ಆಲಿಸ್ ದಮೇಮ್ ಎಂಬ ಇಬ್ಬರು ಗಂಡಸರ ನೆರವಿಲ್ಲದೆ ಗ್ರೆಪೋನ್ ಎಂಬ ಕಡಿದಾದ ಶಿಖರ ಏರಿ ಇಳಿದರು. ಇನ್ನು ಮಾನವಂತ ಗಂಡಸು ಗ್ರೆಪೋನ್ ಹತ್ತುವಂತಿಲ್ಲ ಎಂದು ಒಬ್ಬ ಆರೋಹಿ ಗೊಣಗಿದನಂತೆ. ಅವನಿಗೆ ಉತ್ತರವೆಂಬಂತೆ 1993ರಲ್ಲಿ ಲಿನ್ ಹಿಲ್ ಕ್ಯಾಲಿಫೋರ್ನಿಯಾದ ಎಲ್ ಕ್ಯಾಪಿಟನ್‌ನ 'ನೋಸ್' ಮಾರ್ಗವನ್ನು ಬರಿಯ ಕೈಕಾಲಿನ ಹಿಡಿತದಿಂದ ಪೂರೈಸಿದಳು. ಹಗ್ಗವಿದ್ದದ್ದು ಬಿದ್ದರೆ ಹಿಡಿಯಲು ಮಾತ್ರ. ಸುಮಾರು ಒಂಬೈನೂರು ಮೀಟರಿನ ಆ ಗೋಡೆಯಲ್ಲಿ ಅದನ್ನು ಅಲ್ಲಿಯವರೆಗೆ ಯಾವ ಗಂಡಸೂ ಮಾಡಿರಲಿಲ್ಲ. ಮರುವರ್ಷ ಅದನ್ನೇ ಒಂದು ದಿನದೊಳಗೆ ಮುಗಿಸಿದಳು.

ಸಹ್ಯಾದ್ರಿಗೆ ತನ್ನದೇ ಒಬ್ಬಳಿದ್ದಾಳೆ. ರಾಯಗಡಕ್ಕೆ ಹಾಲು ಮಾರಲು ಹೋದ ಹಿರಕಣಿ ಕತ್ತಲಾಗಿ ಕೋಟೆ ಬಾಗಿಲು ಮುಚ್ಚಿದ ಮೇಲೆ, ಮನೆಯಲ್ಲಿ ಬಿಟ್ಟು ಬಂದ ಹಸುಗೂಸಿಗಾಗಿ ನೆಟ್ಟನೆಯ ಬಂಡೆಯನ್ನು ಇರುಳಿನಲ್ಲಿ ಇಳಿದುಹೋದಳೆಂದು ಕಥೆ. ಶಿವಾಜಿ ಆಕೆಯನ್ನು ಗೌರವಿಸಿ, ಅವಳು ಇಳಿದ ಜಾಗದಲ್ಲಿ ಬುರುಜು ಕಟ್ಟಿಸಿದನೆನ್ನುತ್ತಾರೆ. ಬುರುಜಿಗೆ ಇಂದಿಗೂ ಅವಳದೇ ಹೆಸರು. ಮಹಾರಾಷ್ಟ್ರದ ಮಕ್ಕಳೆಲ್ಲ ಬಲ್ಲ ಈ ಕಥೆಯನ್ನು ಹುಡುಗಿಯರಲ್ಲೊಬ್ಬಳು ಹೇಳಿದಾಗ ಅಜ್ಜಿಗೆ ಚಿತ್ರದುರ್ಗದ ಓಬವ್ವ ನೆನಪಾಗುತ್ತಾಳೆ. ಅವಳ ಹೆಸರೂ ಕಲ್ಲಿನ ಕಿಂಡಿಗೇ ಅಂಟಿಕೊಂಡಿದೆ. ಜನರ ಬಾಯಿ ಕೆಲವು ಹೆಸರುಗಳನ್ನು ಶಾಸನಕ್ಕಿಂತ ಚೆನ್ನಾಗಿ ಕಾಯುತ್ತದೆ.

ಬಿಸಿಲು ಬಂಡೆಯ ಅರ್ಧಕ್ಕೆ ಬಂದಿದೆ. ನೆರಳು ಇರುವ ಬದಿಗೆ ಹಗ್ಗ ಸರಿಯುತ್ತದೆ. ಇಡ್ಲಿ ಖಾಲಿಯಾಗಿ ಸೌತೆಕಾಯಿ ಬಂದಿದೆ. ಮಾತು ಹಿಮಾಲಯಕ್ಕೆ ಏರುತ್ತದೆ.

1975ರ ಮೇ 16ರಂದು ಜಪಾನಿನ ಜುಂಕೊ ತಾಬೆಯಿ ಎವರೆಸ್ಟ್ ಮುಟ್ಟಿದಳು. ಹನ್ನೆರಡು ದಿನಗಳ ಹಿಂದಷ್ಟೇ ಹಿಮಕುಸಿತ ಅವಳ ಡೇರೆಯನ್ನು ಹೂತುಹಾಕಿತ್ತು. ಮೊದಲ ಮಹಿಳೆ ಎಂದು ಜಗತ್ತು ಕೊಂಡಾಡಿದಾಗ ತನ್ನನ್ನು ಎವರೆಸ್ಟ್ ಏರಿದ ಮೂವತ್ತಾರನೆಯ ವ್ಯಕ್ತಿಯೆಂದು ನೆನೆದರೆ ಸಾಕು ಎಂಬುದು ಅವಳ ಇಷ್ಟವಾಗಿತ್ತು. ಬೆಟ್ಟ ಹತ್ತಿದವರ ಒಂದೇ ಪಟ್ಟಿಯಲ್ಲಿ, ಸರದಿ ಬಂದ ಕಡೆ, ತನ್ನ ಹೆಸರು ಇರಲಿ ಎಂಬ ಆಸೆ ಅದು.

ನಮ್ಮವರಲ್ಲಿ ಮೊದಲು ನೆನಪಾಗುವುದು 1984ರ ಮೇ 23ರಂದು ಎವರೆಸ್ಟ್ ಏರಿದ ಬಚೇಂದ್ರಿ ಪಾಲ್. ಅದಕ್ಕೂ ಮೂರು ವರ್ಷ ಮೊದಲು, 1981ರಲ್ಲಿ, ರೇಖಾ ಶರ್ಮಾ, ಹರ್ಷವಂತಿ ಬಿಷ್ಟ್, ಚಂದ್ರಪ್ರಭಾ ಐತ್ವಾಲ್ ಎಂಬ ಮೂವರು 7816 ಮೀಟರಿನ ನಂದಾದೇವಿಯ ತುದಿಯಲ್ಲಿ ನಿಂತಿದ್ದರು. ಎತ್ತರದಲ್ಲಿ ಎವರೆಸ್ಟಿಗಿಂತ ಕಡಿಮೆಯಾದರೂ ಕಷ್ಟದಲ್ಲಿ ಆ ಬೆಟ್ಟ ಯಾರಿಗೂ ಸೋಲುವಂಥದ್ದಲ್ಲ. ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾದ ಹರ್ಷವಂತಿ ಮುಂದೆ ಗಂಗೋತ್ರಿಯ ಬಳಿ ಬರಿದಾದ ಇಳಿಜಾರಿನಲ್ಲಿ ಭೂರ್ಜದ ಗಿಡ ನೆಟ್ಟು ಕಾಡು ಬೆಳೆಸಿದರು. 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನದ ಅಧ್ಯಕ್ಷೆಯಾದರು. ಆ ಕುರ್ಚಿಯಲ್ಲಿ ಕೂತ ಮೊದಲ ಹೆಂಗಸು ಅವರು. 1993ರಲ್ಲಿ ಬಚೇಂದ್ರಿಯ ಮುಂದಾಳತ್ವದ ಭಾರತ-ನೇಪಾಳ ಮಹಿಳಾ ತಂಡದಿಂದ ಏಳು ಹೆಂಗಸರು ಎವರೆಸ್ಟ್ ಏರಿದರು. ಅವರಲ್ಲಿ ಸಂತೋಷ್ ಯಾದವ್‌ಗೆ ಅದು ಎರಡನೆಯ ಸಲ.

ಮುಂಬೈಯ ಪಾಲೂ ಸಣ್ಣದಲ್ಲ. ಹಿಮಾಲಯನ್ ಕ್ಲಬ್ಬಿನ 'ಹಿಮಾಲಯನ್ ಜರ್ನಲ್' ಈ ನಗರದಿಂದ ಹೊರಬರುತ್ತದೆ, ನಂದಿನಿ ಪುರಂದರೆ ಅದರ ಸಂಪಾದಕಿಯಾದವರು. ಸೋದರಿಯ ಮಗನ ಹೆಸರಿನ ಆಸರೆ ಬೇಕಿದ್ದ ಮೆಟಾ ಬ್ರೆವೂರ್ಟಳ ಕಾಲದಿಂದ ಇಲ್ಲಿಗೆ ಎಷ್ಟು ದಾರಿ! ದೀಪಾ ಬಲಸಾವರ್ ಜೊತೆ ಸೇರಿ ನಂದಿನಿಯವರು ಡಾರ್ಜಿಲಿಂಗಿನ ಶೆರ್ಪಾಗಳ ಬಗ್ಗೆ ಪುಸ್ತಕವನ್ನೇ ಬರೆದಿದ್ದಾರೆ. ಭಾರ ಹೊತ್ತರೂ ದಾಖಲೆಗೆ ಬರದೇ ಹೋದವರ ಚರಿತ್ರೆ ಅದು.

2016ರ ಮೇ ತಿಂಗಳಲ್ಲಿ ಗಿರಿವಿಹಾರದವರು ವಾಶಿಯಲ್ಲಿ ಬೋಲ್ಡರಿಂಗ್, ಅಂದರೆ ಹಗ್ಗವಿಲ್ಲದೆ ಗಿಡ್ಡ ಗೋಡೆ ಹತ್ತುವ ಆಟದ, ವಿಶ್ವಕಪ್ ನಡೆಸಿದರು. ಜಪಾನಿನ ಮಿಹೊ ನೊನಾಕಾ ಮಹಿಳೆಯರಲ್ಲಿ ಗೆದ್ದಳು. ಅದೇ ಹುಡುಗಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ತೆಗೆದುಕೊಂಡದ್ದನ್ನು ವಾಶಿಯಲ್ಲಿ ಚಪ್ಪಾಳೆ ತಟ್ಟಿದವರು ಹೆಮ್ಮೆಯಿಂದ ಹೇಳುತ್ತಾರೆ. ಮುಂಬೈನ ನೇವಿ ಶಾಲೆಯಲ್ಲಿ ಓದಿದ ಕಾಮ್ಯಾ ಕಾರ್ತಿಕೇಯನ್ 2020ರಲ್ಲಿ ಹನ್ನೆರಡರ ವಯಸ್ಸಿನಲ್ಲಿ ದಕ್ಷಿಣ ಅಮೆರಿಕದ ಅಕೊಂಕಾಗುವಾ, 2024ರಲ್ಲಿ ಹದಿನಾರರಲ್ಲಿ ಎವರೆಸ್ಟ್ ಏರಿದಳು. ಅದೇ ವರ್ಷದ ಕೊನೆಗೆ ಅಂಟಾರ್ಕ್ಟಿಕಾದ ವಿನ್ಸನ್ ಹತ್ತಿ ಏಳು ಖಂಡಗಳ ಏಳು ಶಿಖರಗಳನ್ನು ಮುಗಿಸಿದಳು. ಸಾತಾರಾದ ಪ್ರಿಯಾಂಕಾ ಮೋಹಿತೆಯದು ಇನ್ನೊಂದು ಬಗೆ. ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತಲೇ ಶಿಖರಗಳನ್ನು ಏರಿದವಳು. 2021ರ ಏಪ್ರಿಲ್ 16ರಂದು 8091 ಮೀಟರಿನ ಅನ್ನಪೂರ್ಣಾದ ಮೇಲಿದ್ದಳು, ಮರುವರ್ಷ ಕಾಂಚನಜುಂಗಾ. ಹುಬ್ಬಳ್ಳಿಯ ನಂದಿತಾ ನಾಗನಗೌಡರ್ 2016ರಲ್ಲಿ ಎವರೆಸ್ಟ್ ಮುಟ್ಟಿ ಬಂದಳು. ಗೌರಿ ವಾರಣಾಶಿ ಮತ್ತು ಜೊತೆಗಾರ್ತಿಯರು 'ಕ್ಲೈಂಬ್ ಲೈಕ್ ಎ ವುಮನ್' ಎಂದು ಹೆಂಗಸರಿಗಾಗಿಯೇ ಶಿಬಿರ ಶುರುಮಾಡಿದ್ದಾರೆ. ಕೆಳಗೆ ನಿಂತು ಹಗ್ಗ ಹಿಡಿಯುವವಳೂ ಹೆಂಗಸು, ಕಲಿಸುವವಳೂ ಹೆಂಗಸು. ಬಿದ್ದರೆ ನಗುವ ಅಣ್ಣಂದಿರು ಅಲ್ಲಿಲ್ಲ.

ಹನ್ನೊಂದು ಗಂಟೆ. ಹಗ್ಗದ ಕೆಲಸ ಮುಗಿದಿದೆ, ಹೆಚ್ಚಿನವರು ಚೀಲ ಕಟ್ಟುತ್ತಿದ್ದಾರೆ. ಕಾರ್ಕಳದ ಅಜ್ಜಿಯ ಮೊಮ್ಮಗಳು ಮಾತ್ರ ಪಕ್ಕದ ಆಳೆರಡರಷ್ಟು ಎತ್ತರದ ಗುಂಡಿನ ಬುಡದಲ್ಲಿ ಕ್ರ್ಯಾಶ್ ಪ್ಯಾಡ್ ಹಾಸಿಕೊಂಡು ಹಟ ಹಿಡಿದಿದ್ದಾಳೆ. ಎಡ ಅಂಚಿನಲ್ಲಿ ಎರಡು ಬೆರಳು, ಬಲಗಾಲು ಸೊಂಟದೆತ್ತರಕ್ಕೆ, ಅಲ್ಲಿಂದ ಎದ್ದು ನಿಲ್ಲಬೇಕು. ಏಳುತ್ತಾಳೆ, ಬೀಳುತ್ತಾಳೆ. ಗೆಳತಿಯರು ಎರಡೂ ಕೈ ಮೇಲೆತ್ತಿ ಅವಳ ಬೆನ್ನ ಹಿಂದೆ ಕಾವಲು ನಿಲ್ಲುತ್ತಾರೆ. ಅಜ್ಜಿ "ಸಾಕು ಮಗಾ, ಬಾ" ಎನ್ನುವುದನ್ನು ಬಿಟ್ಟು "ಆ ಕಾಲು ಇನ್ನೂ ಸ್ವಲ್ಪ ಒಳಗೆ ಇಡು" ಎನ್ನತೊಡಗಿದ್ದಾರೆ. ಇಟ್ಟಳು. ಎದ್ದಳು. ಮೇಲಿನ ಅಂಚಿಗೆ ಅಂಗೈ ತಾಗಿತು. ಕೆಳಗೆ ಶಿಳ್ಳೆ, ಕೇಕೆ. ಮಂಗವೊಂದು ಗಾಬರಿಯಾಗಿ ಸೌತೆಕಾಯಿ ಬಿಟ್ಟು ಓಡಿತು.

ಬಂಡೆಯಲ್ಲಿ ಹೊಸ ಮಾರ್ಗವನ್ನು ಮೊದಲು ಹತ್ತಿದವರೇ ಅದಕ್ಕೆ ಹೆಸರಿಡಬೇಕೆಂಬುದು ಲೋಕದಲ್ಲೆಲ್ಲ ನಡೆದುಬಂದ ರೂಢಿ. ಏನು ಹೆಸರು ಎಂದು ಚರ್ಚೆ ಎದ್ದಿತು. ಒಬ್ಬಳು 'ಕಟಿಂಗ್' ಎಂದಳು, ಇನ್ನೊಬ್ಬಳು 'ಹಿರಕಣಿ' ಎಂದಳು.

"ನಿನ್ನದೇ ಹೆಸರು ಇಡು. ಹತ್ತಿದ್ದು ನೀನಲ್ಲವಾ? ಅದರಲ್ಲಿ ಎಂತ ನಾಚಿಕೆ?" ಎಂದರು ಅಜ್ಜಿ.

ಗುಂಪಿನ ಹಿರಿಯಳು ಎಚ್ಚರಿಸಿದಳು: "ಎಪ್ಪತ್ತು ವರ್ಷದಿಂದ ಜನ ಇಲ್ಲಿ ಹತ್ತುತ್ತಿದ್ದಾರೆ. ಯಾರೋ ಮೊದಲೇ ಹತ್ತಿರಬಹುದು."

ಮೊಮ್ಮಗಳು ಫೋನು ತೆಗೆದಳು. ಬೆರಳಿನ ಚಾಕ್ ಪುಡಿಯನ್ನು ಪ್ಯಾಂಟಿಗೆ ಒರೆಸಿಕೊಂಡು, ತಾರೀಖಿನ ಪಕ್ಕದಲ್ಲಿ ತನ್ನ ಹೆಸರು ಒತ್ತುತ್ತ ಹೇಳಿದಳು:

"ಹತ್ತಿರಬಹುದು. ಬರೆದಿಟ್ಟಿಲ್ಲವಲ್ಲ!"